ಹಸಿರು ಬಳಿದ ಜಾಗ

ನಕಾಶೆಯಲ್ಲಿ ಕೆಂಪಾಗಿರಬೇಕಿದ್ದ ಒಂದು ಜಾಗಕ್ಕೆ ನಾನು ಹಸಿರು ಬಳಿದೆ. ತಿಳಿಯದೆ ಅಲ್ಲ — ತಿಳಿದೇ. ಆ ಜಾಗದ ಮೇಲೆ ಈಗ ವಾರಿಜಕ್ಕನ ಮನೆ ಇದೆ.

ಭೂಕಂಪವಾದರೆ ಕೋಲ್ಕತ್ತದ ಯಾವ ಭಾಗದ ನೆಲ ನಿಲ್ಲುತ್ತದೆ, ಯಾವುದು ಕೆಸರಿನಂತಾಗಿ ಕಟ್ಟಡಗಳನ್ನು ಕೈಬಿಡುತ್ತದೆ ಎಂದು ಗುರುತಿಸುವುದು ನನ್ನ ಪಿಎಚ್‌ಡಿ ಕೆಲಸವಾಗಿತ್ತು. ನೀರು ತುಂಬಿದ ಸಡಿಲ ಮರಳು ಜೋರಾಗಿ ಅಲುಗಿದರೆ ತಾನೂ ನೀರಿನಂತಾಗಿಬಿಡುತ್ತದೆ. ನಗರದ ದಕ್ಷಿಣದ ಬೆಹಾಲಾದಲ್ಲಿ ಹಳೆಯ ಪುಕುರ್ ಒಂದನ್ನು — ಕೊಳವನ್ನು — ಬೂದಿ, ಮರಳು ತುಂಬಿ ಮುಚ್ಚಿದ್ದರು. ಅಲ್ಲಿ ನೆಲ ಕೊರೆಸಿದಾಗ, ನೆಲ ಎಷ್ಟು ಗಟ್ಟಿಯೆಂದು ನೋಡಲು ಹೊಡೆಯುವ ಸುತ್ತಿಗೆಯ ಮೊದಲ ಪೆಟ್ಟುಗಳಿಗೇ ಕೊಳವೆ ಸರಕ್ಕನೆ ಇಳಿದುಹೋಯಿತು. ನಾನು ಪಕ್ಕದಲ್ಲೇ ನಿಂತಿದ್ದೆ.

ಸುತ್ತಮುತ್ತ ಬೇರೆಲ್ಲೂ ಹಾಗಾಗಿರಲಿಲ್ಲ. ಅದೊಂದನ್ನು ಸೇರಿಸಿದರೆ ನನ್ನ ಲೆಕ್ಕವೆಲ್ಲ ಏರುಪೇರಾಗುತ್ತಿತ್ತು. ಮತ್ತೆ ಕೊರೆಸಬೇಕು, ಮತ್ತೊಂದು ವರ್ಷ ಕಾಯಬೇಕು... ಪರೀಕ್ಷೆಯಲ್ಲೇ ದೋಷವಿದೆ ಎಂದು ಹೇಳಿ ಆ ಫಲಿತಾಂಶವನ್ನು ಕೈಬಿಟ್ಟೆ, ಅಲ್ಲಿಗೂ ಸುರಕ್ಷಿತವೆಂಬ ಹಸಿರು ಬಳಿದೆ. ನನ್ನ ಮಾರ್ಗದರ್ಶಕರು ನಂಬಿದರು.

ವಾರಿಜಕ್ಕ ಉಡುಪಿ ಕಡೆಯವರು, ಗಂಡನೊಂದಿಗೆ ಇಲ್ಲಿ ಹೋಟೆಲು ನಡೆಸುತ್ತಾರೆ. ನಾನು ಈ ಊರಿಗೆ ಬಂದ ಹೊಸತರಲ್ಲಿ ಟೈಫಾಯ್ಡ್ ಹಿಡಿದಾಗ ಹಾಸ್ಟೆಲಿನಿಂದ ಕರೆದೊಯ್ದು, ಮನೆಯಲ್ಲಿಟ್ಟುಕೊಂಡು ಗಂಜಿ ಕುಡಿಸಿದವರು. ನನ್ನ ನಕಾಶೆ ಪ್ರಕಟವಾದ ಮೇಲೆ ಅವರೊಂದು ಫ್ಲ್ಯಾಟ್ ನೋಡಿದರು. ವಿಳಾಸ ಕೇಳಿದೆ — ಅದೇ ಮುಚ್ಚಿದ ಕೊಳದ ಜಾಗ.

"ಮಣ್ಣಿನ ವಿಷಯ ನಿನಗೆ ಗೊತ್ತುಂಟಲ್ಲ. ಆ ಜಾಗ ಹೇಗೆ?" ಎಂದರು.

"ನನ್ನ ನಕಾಶೆಯಲ್ಲಿ ಹಸಿರು ಇದೆ, ಅಕ್ಕ."

ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ — ಆದರೂ ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಯಾರಿಗೂ ಹೇಳಿಲ್ಲ.

ವರ್ಷಗಳು ಕಳೆದವು. ಮೊನ್ನೆ ಬೆಳಿಗ್ಗೆ ಎಲ್ಲೋ ದೂರದಲ್ಲಿ ಭೂಮಿ ನಡುಗಿ, ಇಲ್ಲೂ ಫ್ಯಾನುಗಳು ತೂಗಾಡಿದವು. ಅಕ್ಕನಿಗೆ ಫೋನ್ ಮಾಡಿದೆ. ಕಟ್ಟಡದವರೆಲ್ಲ ಬೀದಿಗೆ ಓಡಿದ್ದರಂತೆ. ಅವರು ಮಾತ್ರ ನಡೆಯಲಾರದ ಅತ್ತೆಯ ಪಕ್ಕದಲ್ಲಿ ಒಳಗೇ ಕುಳಿತಿದ್ದರಂತೆ. ನೀನು ಹೇಳಿದ್ದಿಯಲ್ಲ, ಹಾಗಾಗಿ ಹೆದರಿಕೆಯಾಗಲಿಲ್ಲ ಎಂದರು.

ಫೋನ್ ಇಟ್ಟ ಮೇಲೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಊರಿನ ಉತ್ತರದಲ್ಲಿ ನಾನಿರುವ ಡಮ್ ಡಮ್‌ನಿಂದ ನೇರ ಬೆಹಾಲಾಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ಆಗ ಪಿಎಚ್‌ಡಿ ಮುಗಿಸುವ ಅವಸರವಿತ್ತು ಎಂಬ ನೆಪವನ್ನು ಮಾತ್ರ ಹೇಳಲಿಲ್ಲ. ವಾರಿಜಕ್ಕ ಕೋಣೆಯಲ್ಲಿ ಮಲಗಿದ್ದ ಅತ್ತೆಯತ್ತ ಒಮ್ಮೆ ನೋಡಿದರು.

"ಈಗ ಎಂತ ಮಾಡುದು? ಅದನ್ನು ಹೇಳು."

ಅಡಿಪಾಯ ಎಷ್ಟು ಆಳವಿದೆ ಎಂದು ನೋಡಿಸಬೇಕು, ಮತ್ತೆ ನೆಲ ಕೊರೆಸಬೇಕು, ಬಲಪಡಿಸುವ ದಾರಿಯಿದೆ ಎಂದೆ. ಎಲ್ಲ ಕೇಳಿಸಿಕೊಂಡರು. ನಾನು ಹೊರಟಾಗ ಬಾಗಿಲವರೆಗೆ ಬರಲಿಲ್ಲ. ಆಮೇಲೆ ನನ್ನ ಕರೆಗೂ ಉತ್ತರಿಸಿಲ್ಲ.

ನಿವೃತ್ತರಾಗಿರುವ ಮಾರ್ಗದರ್ಶಕರಿಗೂ ತಿಳಿಸಿದ್ದೇನೆ. ಪದವಿಯೇ ಹೋಗಬಹುದು, ಕೆಲಸವೂ ಉಳಿಯಲಿಕ್ಕಿಲ್ಲ, ಯೋಚಿಸಿ ನೋಡು ಎಂದರು. ಯೋಚಿಸಿದ್ದೇನೆ. ನಕಾಶೆ ತಪ್ಪೆಂದು ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟಾಗಿದೆ.

ಈ ಭಾನುವಾರ ಆ ಕಟ್ಟಡದವರನ್ನೆಲ್ಲ ಸೇರಿಸಲು ಅಲ್ಲಿನ ಸಂಘದವರನ್ನು ಕೇಳಿಕೊಂಡಿದ್ದೇನೆ. ನನ್ನ ಬಂಗಾಳಿ ಅಷ್ಟಕ್ಕಷ್ಟೇ, ಹಾಗಾಗಿ ಹೇಳಬೇಕಾದ್ದನ್ನು ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದೇನೆ. ಪರೀಕ್ಷೆ ತಪ್ಪಾಗಿತ್ತು ಎನ್ನುವುದಿಲ್ಲ. ನಾನು ಮುಚ್ಚಿಟ್ಟೆ ಎನ್ನುತ್ತೇನೆ. ಅವರು ಕೇಳುವುದನ್ನೆಲ್ಲ ಕೇಳಿ ಮುಗಿಸುವವರೆಗೆ ಅಲ್ಲೇ ನಿಂತಿರುತ್ತೇನೆ.