ಕಾಲುಂಗುರದ ಅಡಿಯ ಗಾಯ

ಅಂದು ಶುಕ್ರವಾರ. ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ನಾನು ಸ್ನಾನ ಮುಗಿಸಿ, ಹೊಸಿಲು ತೊಳೆದು, ವಾಡಿಕೆಯಂತೆ ಪಾದಗಳಿಗೆ ಅರಿಸಿನ ಹಚ್ಚಿಕೊಂಡಿದ್ದೆ. ಎಂದಿಗಿಂತ ಸ್ವಲ್ಪ ಹೆಚ್ಚೇ ಹಚ್ಚಿದೆ. ಹತ್ತು ಗಂಟೆಗೆ ನಾಗಸಂದ್ರದಲ್ಲಿ ಪಾದದ ಡಾಕ್ಟರನ್ನು ಕಾಣಬೇಕಿತ್ತು. ಗುರುತಿಲ್ಲದವರ ಮುಂದೆ ಚಾಚುವ ಕಾಲು ನೋಡಲು ಚೆನ್ನಾಗಿರಲಿ ಎಂದುಕೊಂಡೆ. ಕಾನ್ವೆಂಟಿನಲ್ಲಿ ಸೋಮವಾರ ಬೆಳಿಗ್ಗೆ ಸಿಸ್ಟರ್ ನಮ್ಮ ಉಗುರು ನೋಡುತ್ತಿದ್ದರು. ಆ ಅಂಜಿಕೆ ಐವತ್ತೆರಡನೆಯ ವಯಸ್ಸಿನಲ್ಲೂ ಹೋಗಿಲ್ಲ.

ನನಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಹಿಂದಿನ ವಾರ ಬಲಗಾಲಿನ ಚಪ್ಪಲಿ ಕಳಚಿದ್ದು ತಿಳಿಯದೆ ಅಂಗಡಿಯಿಂದ ಅರ್ಧ ದಾರಿ ನಡೆದು ಬಂದಿದ್ದೆ. ಅದನ್ನು ಕೇಳಿದ ಶುಗರ್ ಡಾಕ್ಟರು ತಕ್ಷಣ ಪಾದದ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಇಂಥ ಕಾಲಿನಲ್ಲಿ ಗಾಯವಾದರೂ ತಿಳಿಯುವುದಿಲ್ಲ, ಹಾಗೇ ಬಿಟ್ಟರೆ ಬೆರಳನ್ನೇ ತೆಗೆಯಬೇಕಾಗಬಹುದು ಎಂದರು.

ಪೀಣ್ಯದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಲೋಹ ಕತ್ತರಿಸುವ ಕೆಲಸದಲ್ಲಿರುವ ಯಜಮಾನರು ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದರು.

ಪಾದದ ಡಾಕ್ಟರು ಮೂವತ್ತರ ಆಸುಪಾಸಿನ ಯುವತಿ. ಕಾಲಿಗಿಂತ ಮೊದಲು ಚಪ್ಪಲಿಯನ್ನು ಕೇಳಿ ಪಡೆದು, ತಿರುಗಿಸಿ ಅಡಿಭಾಗ ನೋಡಿದರು. ಮದುವೆ ಮನೆಗಳಿಗೆಂದು ಎತ್ತಿಟ್ಟಿದ್ದ ಜೋಡಿ ಅದು, ಸವೆದೇ ಇರಲಿಲ್ಲ.

"ದಿನಾ ಹಾಕೋದು ಇದೇನಾ ಆಂಟಿ?"

"ಇಲ್ಲಮ್ಮ, ಅದು ಹಳೇದು."

"ಹಳೇದೇ ಬೇಕಿತ್ತು. ಎಲ್ಲಿ ಸವೆದಿದೆ ನೋಡಿದ್ರೆ ನೀವು ಹೇಗ್ ನಡೀತೀರ ಅಂತ ಗೊತ್ತಾಗತ್ತೆ. ಮುಂದಿನ ಸಲ ತನ್ನಿ."

ಆಮೇಲೆ ನನ್ನ ಕಣ್ಣು ಮುಚ್ಚಿಸಿ, ಗಾಳದ ದಾರದಂಥ ನೈಲಾನ್ ಎಳೆಯಿಂದ ಅಂಗಾಲನ್ನು ಅಲ್ಲಲ್ಲಿ ಮುಟ್ಟತೊಡಗಿದರು. ತಿಳಿದಾಗ ಹೂಂ ಎನ್ನಬೇಕು. ಒಮ್ಮೆ ಹೂಂ ಎಂದೆ, ಇನ್ನೊಮ್ಮೆ ಎಂದೆ. ನಂತರ ಬಹಳ ಹೊತ್ತು ಏನೂ ಆಗಲಿಲ್ಲ. ಮುಗಿಯಿತೇನೋ ಎಂದು ಕಣ್ಣು ಬಿಟ್ಟರೆ ಅವರು ಇನ್ನೂ ಮುಟ್ಟುತ್ತಲೇ ಇದ್ದರು.

"ಈ ಅರಿಸಿನದಲ್ಲಿ ಚರ್ಮದ ಬಣ್ಣವೇ ಕಾಣ್ತಿಲ್ಲ" ಎಂದು ಒದ್ದೆ ಹತ್ತಿಯಿಂದ ಒರೆಸಿದರು. ಬಲಗಾಲಿನ ಎರಡನೆಯ ಬೆರಳು ಕಾಲುಂಗುರದ ಸುತ್ತ ಕೆಂಪಗೆ ಊದಿತ್ತು.

"ಇದನ್ನ ತೆಗೀಬೇಕು."

ನಾನು ಯಜಮಾನರ ಮುಖ ನೋಡಿದೆ. ಧಾರೆಯ ದಿನ ಅವರೇ ತೊಡಿಸಿದ್ದು. ಅವರಿರುವವರೆಗೆ ಅದನ್ನು ಬಿಚ್ಚುವ ಪದ್ಧತಿ ನಮ್ಮಲ್ಲಿಲ್ಲ. ಅವರು ಬಗ್ಗಿ ಬೆರಳನ್ನು ನೋಡಿದರು.

"ಕಟ್ ಮಾಡಿ ಮೇಡಂ. ನಾನೇನೂ ಎಲ್ಲೂ ಹೋಗ್ತಿಲ್ಲ."

"ಉಂಗುರ ಹಾಳಾಗತ್ತೆ ಅಂಕಲ್."

"ಬೆಳ್ಳಿ ತಾನೆ. ನಿಮ್ ಬ್ಲೇಡ್ ಮೊಂಡಾಗಿದ್ರೆ ಹೇಳಿ, ನಮ್ ಶಾಪಿಂದ ತಂದ್ಕೊಡ್ತೀನಿ."

ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ಪುಟ್ಟ ಚಕ್ರದ ಕಟರಿನಿಂದ ಉಂಗುರವನ್ನು ಬಿಡಿಸಿದಾಗ ಅಡಿಯಲ್ಲಿ ಅಕ್ಕಿಕಾಳಿನಷ್ಟು ಗಾಯವಿತ್ತು. ಅಂಚು ಬಿಳಿಚಿಕೊಂಡಿತ್ತು. ಎಷ್ಟು ದಿನದ್ದು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಎಷ್ಟು ಶುಕ್ರವಾರ ಅದರ ಮೇಲೆಯೇ ಅರಿಸಿನ ಹಚ್ಚಿದ್ದೆನೋ. ಅವರು ಗಾಯ ತೊಳೆದು, ಸತ್ತ ಚರ್ಮ ತೆಗೆದು, ಪಕ್ಕದ ಕೋಣೆಯಲ್ಲಿ ಎಕ್ಸ್‌ರೇ ಮಾಡಿಸಿದರು. ಚಿತ್ರವನ್ನು ಬೆಳಕಿಗೆ ಹಿಡಿದು ಅವರು ನೋಡುವಾಗ ಯಜಮಾನರು ತಮಾಷೆ ಮಾಡಲಿಲ್ಲ.

"ಮೂಳೆಗೆ ಹೋಗಿಲ್ಲ ಆಂಟಿ. ಬೆರಳು ಉಳಿಯತ್ತೆ. ಆದ್ರೆ ಎರಡು ದಿನಕ್ಕೊಮ್ಮೆ ಡ್ರೆಸ್ಸಿಂಗಿಗೆ ಬರ್ಬೇಕು. ಮನೆ ಒಳಗೂ ಬರಿಗಾಲಲ್ಲಿ ಓಡಾಡ್ಬೇಡಿ."

ತುಂಡಾದ ಉಂಗುರವನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಅದನ್ನು ಯಜಮಾನರು ಅಂಗಿಯ ಜೇಬಿಗೆ ಹಾಕಿಕೊಂಡರು.

ಸಂಜೆ ಪಕ್ಕದ ಮನೆಯ ಅಜ್ಜಿ ಜಗಲಿಯ ಮೇಲೆ ಕುಳಿತು ಸೊಪ್ಪು ಬಿಡಿಸುತ್ತಿದ್ದರು. ನಮ್ಮ ದಾಸರಹಳ್ಳಿ ಬರೀ ಹೊಲವಾಗಿದ್ದ ಕಾಲದಿಂದ ಇಲ್ಲೇ ಇರುವವರು. ಕಾಲಿನ ಪಟ್ಟಿ ಕಂಡು ಏನಾಯಿತೆಂದು ಕೇಳಿದರು. ನಾನು ಗಾಯ, ಉಂಗುರ, ಬೆರಳೇ ಹೋಗಬಹುದಿತ್ತೆಂಬ ಹೆದರಿಕೆ ಎಲ್ಲವನ್ನೂ ಹೇಳಿದೆ. ಅವರ ಕೈ ನಿಲ್ಲಲಿಲ್ಲ.

"ಒಂದ್ ಬೆರಳು ತಾನೆ ಕಣವ್ವ. ನಮ್ಮತ್ತೇದು ಎಲ್ಡ್ ಬೆರಳ್ ಓದ್ವು. ಆಮೇಲೂ ಇಪ್ಪತ್ ವರ್ಸ ನಮ್ಮುನ್ನೆಲ್ಲಾ ಅಟ್ಟಾಡಿಸ್ಕಂಡ್ ಬೈದ್ರು. ಈ ದಂಟಿನ ಸೊಪ್ಪು ನಿಂಗೊಂದ್ ಇಡಿ ಕೊಡ್ಲಾ?"