ಅಮಾವಾಸ್ಯೆಯ ಪೂಜೆಯೂ ಏಳದ ಸರ್ವರ್‌ಗಳೂ

ಸವಣೂರಿನ ಬಸ್ಸಿಳಿದು ಶಿಗ್ಗಾಂವಿಯ ನಮ್ಮ ಪರೀಕ್ಷಾ ಕೇಂದ್ರದ ಮೆಟ್ಟಿಲು ಹತ್ತುವಾಗಲೇ ಊದಿನಕಡ್ಡಿಯ ವಾಸನೆ ಬಂತು. ಅಲ್ಲಿಗೇ ನನಗೆ ಸುಸ್ತಾಯಿತು. ಅವತ್ತು ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಟ್ರ್ಯಾಕ್ಟರು, ಗಿರಣಿ, ತಕ್ಕಡಿ ಎಲ್ಲಕ್ಕೂ ಪೂಜೆ. ಪೂಜೆ ಮುಗಿಯುವ ತನಕ ಯಂತ್ರ ನಡೆಯುವಂತಿಲ್ಲ. ಸರ್ವರ್ ಕೂಡ ಯಂತ್ರವೇ ಎಂಬುದು ನಮ್ಮ ಮ್ಯಾನೇಜರರ ನಿಲುವು. ಆ ಸರ್ವರ್‌ಗಳನ್ನು ನೋಡಿಕೊಳ್ಳುವ ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಾರಿತೋಷಕ ತಂದವಳು. ಮ್ಯಾನೇಜರರೆದುರು ಮಾತ್ರ ಒಂದೂ ವಾದ ಗೆದ್ದಿಲ್ಲ. ಅವರು ವಾದಕ್ಕೇ ಇಳಿಯುವುದಿಲ್ಲ, "ಆತ್ ಬಿಡವಾ" ಅಂದು ಎದ್ದು ಹೋಗುತ್ತಾರೆ.

ಸರ್ವರ್ ಕೋಣೆಯಲ್ಲಿ ಪ್ರತಿಯೊಂದು ಪೆಟ್ಟಿಗೆಗೂ ವಿಭೂತಿಯ ಗೆರೆ, ಮೇಲೆ ಕುಂಕುಮ, ಚೆಂಡುಹೂವು. ಮ್ಯಾನೇಜರರು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ನಿಂತಿದ್ದರು.

"ಪೂಜಿ ಮುಗಿಸಿ ಹಚ್ಚೇವ್ ನೋಡವಾ. ಇನ್ನೂ ಏಳವಲ್ಲವು."

"ಎಲ್ಲಾ ಒಮ್ಮೆಲೇ ಆರಿಸಿದ್ರೇನ್ರಿ ಸರ?"

"ಮತ್ತ? ಒಂದಕ್ಕ ಪೂಜಿ ಮಾಡಿ ಇನ್ನೊಂದಕ್ಕ ಬಿಡಾಕ ಬರ್ತೈತೇನು?"

ನಮ್ಮಲ್ಲಿ ಪರೀಕ್ಷೆಗೆ ಕೂರುವವರ ಎದುರಿನ ಪರದೆಗಳಿಗೆ ಸ್ವಂತ ಬುದ್ಧಿಯಿಲ್ಲ. ಹಿಂದಿನ ಕೋಣೆಯ ಒಂದೊಂದು ಸರ್ವರ್ ತನ್ನೊಳಗೆ ಹತ್ತಾರು ಕಂಪ್ಯೂಟರ್‌ಗಳನ್ನು ನಡೆಸಿ ಆ ಪರದೆಗಳಿಗೆ ಕಳಿಸುತ್ತದೆ. ಆ ಸರ್ವರ್‌ಗಳಿಗೋ ಸ್ವಂತ ಡಿಸ್ಕ್ ಇಲ್ಲ. ಸ್ವಿಚ್ ಹಾಕಿದೊಡನೆ ನೆಟ್‌ವರ್ಕಿನಲ್ಲಿ ಕೂಗುತ್ತವೆ: ನನ್ನ ವಿಳಾಸ ಯಾವುದು, ನನ್ನ ತಂತ್ರಾಂಶ ಎಲ್ಲಿದೆ? ಇನ್ನೊಂದು ಯಂತ್ರ ಎರಡಕ್ಕೂ ಉತ್ತರ ಕೊಟ್ಟರೆ ಅವು ತಾವಾಗಿಯೇ ಸಜ್ಜಾಗುತ್ತವೆ. ಅವತ್ತು ಪರದೆಯ ಮೇಲೆ ಬರೀ ಚುಕ್ಕೆಗಳು ಸಾಲಾಗಿ ಓಡಿ, ವಿಳಾಸ ಸಿಗಲಿಲ್ಲ ಎಂದು ಬಂದು, ಮತ್ತೆ ಮೊದಲಿನಿಂದ ಚುಕ್ಕೆಗಳು.

ಹೊರಗೆ ಹಾನಗಲ್, ಹಿರೇಕೆರೂರು ಕಡೆಯಿಂದ ಬಂದವರು ಬೇವಿನ ನೆರಳಲ್ಲಿ ಕೂತಿದ್ದರು. ನೌಕರಿಯ ಪರೀಕ್ಷೆ. ಊಟದ ಹೊತ್ತಿನೊಳಗೆ ಶುರುವಾಗದಿದ್ದರೆ ನಮ್ಮ ಕೇಂದ್ರ ರದ್ದು. ಎಲ್ಲರಿಗೂ ಬೇರೆ ದಿನ, ಬೇರೆ ಜಿಲ್ಲೆ. ಕೇಬಲ್ ತರಲು ಹೊರಬಂದ ನನ್ನನ್ನು ಒಬ್ಬಳು ತಡೆದಳು. ಚಿಕ್ಕೇರೂರಿನವಳು, ಹೆಗಲ ಮೇಲೆ ಕೂಸು ಮಲಗಿತ್ತು.

"ಅಕ್ಕಾರ, ಪರೀಕ್ಷಾ ಆಗ್ತೈತೇನ್ರಿ?"

"ನೋಡಾಕತ್ತೇನಿ, ಕುಂತ್ರಿ."

"ಮುಂದ ಹಾಕಬ್ಯಾಡ್ರಿ. ಇವತ್ತ ಬಂದಿದ್ದ ದೊಡ್ಡದೈತಿ. ಇನ್ನೊಮ್ಮಿ ನನ್ನ ಕಳಸಂಗಿಲ್ರಿ."

ಕಟ್ಟೆಯ ಮೇಲಿದ್ದ ಅವಳ ಅತ್ತೆ ನನಗೇ ಕೇಳಲಿ ಎಂಬಂತೆ ಅಂದಳು: "ಅಮಾಸಿ ದಿನಾ ಮನಿ ಬಿಡಬ್ಯಾಡ ಅಂತ ಬಡಕೊಂಡ್ನಿ. ಯಾರ್ ಕೇಳ್ತಾರ?"

ನಾನು ಕೇಬಲ್ ತೆಗೆದುಕೊಂಡು ಒಳಗೆ ಹೋದೆ.

ಮೊದಲು ಕೇಬಲ್ ಚುಚ್ಚುವ ಕಿಂಡಿಗಳನ್ನು ಟಾರ್ಚು ಹಿಡಿದು ನೋಡಿದೆ. ಒಂದು ಚಿಟಿಕೆ ಕುಂಕುಮ ಸಿಕ್ಕಿದ್ದರೂ ಸಾಕಿತ್ತು, ವರ್ಷಗಟ್ಟಲೆಯ ವಾದ ಅಲ್ಲೇ ಮುಗಿಯುತ್ತಿತ್ತು. ಎಲ್ಲಾ ಸ್ವಚ್ಛ. ಕೇಬಲ್ ಬದಲಿಸಿದೆ, ಅದೇ ಚುಕ್ಕೆಗಳು. ಕಡೆಗೆ ನನ್ನ ಲ್ಯಾಪ್‌ಟಾಪನ್ನೇ ಆ ತಂತಿಗೆ ಸಿಕ್ಕಿಸಿದೆ. ಅದೂ ವಿಳಾಸ ಕೇಳಿ ಕೇಳಿ ಸುಮ್ಮನಾಯಿತು. ಅಂದರೆ ಕೇಳುವವರಲ್ಲಿ ದೋಷವಿಲ್ಲ, ಉತ್ತರ ಕೊಡುವವನೇ ಇಲ್ಲ.

ಉತ್ತರ ಕೊಡುತ್ತಿದ್ದದ್ದು ಮೇಜಿನ ಕೆಳಗಿನ ಹಳೆಯ ಕಂಪ್ಯೂಟರ್. ಬಗ್ಗಿ ನೋಡಿದರೆ ಆ ಜಾಗದಲ್ಲಿ ತೆಂಗಿನಕಾಯಿಯ ಬುಟ್ಟಿ.

"ಅದಾ?" ಅಂದರು ಮ್ಯಾನೇಜರರು. "ಹೋದ ಅಮಾಸಿ ಆದಮ್ಯಾಲೆ ಹುಬ್ಬಳ್ಳಿ ಗುತ್ತಿಗಿಯವ್ರು ಬಂದಿದ್ರಲ್ಲ, ಅದರ ಕೆಲಸಾ ಸರ್ವರ್ ಒಳಗ ಸೇರಿಸೇವಿ, ಇದು ಯಾಕ ಅಡ್ಡ ಅಂತ ಒಯ್ದ್ರು. ನೀ ರಜಾದಾಗಿದ್ದಿ."

ನಾನು ನೆಲದ ಮೇಲೆ ಕೂತುಬಿಟ್ಟೆ. ಸರ್ವರ್‌ಗಳನ್ನು ಎಬ್ಬಿಸಬೇಕಾದ ಯಂತ್ರ ಈಗ ಸರ್ವರ್‌ಗಳ ಒಳಗೇ ಇದೆ. ಅವು ಎದ್ದರೆ ಅದು ಏಳುತ್ತದೆ, ಅದು ಎದ್ದರೆ ಅವು ಏಳುತ್ತವೆ. ತರ್ಕದವರು ಇದಕ್ಕೆ ಅನ್ಯೋನ್ಯಾಶ್ರಯ ದೋಷ ಅನ್ನುತ್ತಾರೆ. ಎದುರಾಳಿಯ ಮಾತಿನಲ್ಲಿ ಇಂಥದ್ದು ಸಿಕ್ಕರೆ ವೇದಿಕೆಯ ಮೇಲೆ ನನಗೆ ಹಬ್ಬವಾಗುತ್ತಿತ್ತು. ಇಲ್ಲಿ ಎದುರಾಳಿಯೂ ಇರಲಿಲ್ಲ.

"ಹಂಗಾರ ಪೂಜೀದೇನ್ ತಪ್ಪಿಲ್ಲ?" ಮ್ಯಾನೇಜರರು ಮೆಲ್ಲಗೆ ಕೇಳಿದರು.

"ಇಲ್ರಿ. ಕರೆಂಟ್ ಹೋಗಿ ಬ್ಯಾಟರಿ ಖಾಲಿಯಾಗಿದ್ರೂ ಇದ ಆಗ್ತಿತ್ತು."

ಅವರು ಹಿಗ್ಗಲಿಲ್ಲ. ಹಿಗ್ಗಿದ್ದರೆ ನನಗೆ ಹಗುರವಾಗುತ್ತಿತ್ತು.

ಒಂದನ್ನಾದರೂ ಕೈಯಿಂದ ಎಬ್ಬಿಸಲೇಬೇಕು. ಲ್ಯಾಪ್‌ಟಾಪಿನಲ್ಲಿದ್ದ ಸರ್ವರ್ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ ಮೊದಲನೆಯದಕ್ಕೆ ಚುಚ್ಚಿದೆ. ನೆಟ್‌ವರ್ಕನ್ನು ಕೇಳದೆ ಅದು ಪೆನ್‌ಡ್ರೈವಿನಿಂದ ಎದ್ದಿತು. ಎಲ್ಲ ದತ್ತಾಂಶ ಇಡುವ ಪೆಟ್ಟಿಗೆಗೆ ಮಾತ್ರ ಸ್ವಂತ ಡಿಸ್ಕ್‌ಗಳಿದ್ದವು, ಅದು ಯಾರನ್ನೂ ಕೇಳದೆ ಎದ್ದಿತ್ತು. ಉತ್ತರ ಕೊಡುವ ಯಂತ್ರದ ಕಡತಗಳು ಅದರಲ್ಲಿ ಸುರಕ್ಷಿತವಾಗಿದ್ದವು. ಎದ್ದ ಸರ್ವರ್ ಮೇಲೆ ಆ ಯಂತ್ರವನ್ನು ಚಾಲೂ ಮಾಡಿ ಕಾದೆ. ಎರಡನೆಯ ಸರ್ವರ್‌ನ ಪರದೆಯಲ್ಲಿ ಚುಕ್ಕೆಗಳು ನಿಂತು ವಿಳಾಸ ಬಂತು.

ಮ್ಯಾನೇಜರರು ಉಳಿದ ಸ್ವಿಚ್‌ಗಳತ್ತ ಕೈ ಚಾಚಿದರು.

"ಸರ, ಒಮ್ಮೆಲೇ ಬ್ಯಾಡ್ರಿ! ಒಂದ ಎದ್ದ ಮ್ಯಾಲೆ ಇನ್ನೊಂದು."

"ಪಂಕ್ತಿ ಬಡಿಸಿದಂಗ ಅನ್ನು."

ಕೊನೆಯದೊಂದು ಏಳಲಿಲ್ಲ. ಹಿಂದಿನ ಸಾಲಿನ ಪರದೆಗಳು ಕಪ್ಪಾಗಿಯೇ ಉಳಿದವು. ಜಾಗ ಸಾಲುವುದಿಲ್ಲವೆಂದು ಹೆದರಿ ಹಾಜರಿ ಕೂಗಿಸಿದರೆ, ಅಮಾವಾಸ್ಯೆಯೆಂದು ಕೆಲವರು ಬಂದೇ ಇರಲಿಲ್ಲ. ಬಂದವರಿಗೆಲ್ಲ ಪರದೆ ಸಿಕ್ಕಿತು, ಊಟದ ಹೊತ್ತೂ ಇನ್ನೂ ಆಗಿರಲಿಲ್ಲ. ಯಾವ ಮೂಢನಂಬಿಕೆಯ ವಿರುದ್ಧ ಅಷ್ಟು ಭಾಷಣ ಮಾಡಿದ್ದೆನೋ ಅದೇ ನನ್ನ ಮಾನ ಉಳಿಸಿತ್ತು. ಚಿಕ್ಕೇರೂರಿನವಳು ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ಓಡುತ್ತ ಒಳಹೋದಳು.

ಮ್ಯಾನೇಜರರು ಕೊಬ್ಬರಿ ಚೂರು ಕೊಟ್ಟರು.

"ಮುಂದಿನ ಅಮಾಸಿಗೆ ಹೆಂಗವಾ?"

"ಪೆನ್‌ಡ್ರೈವ್ ಚುಚ್ಚಿದ್ದು ಆರಸಬ್ಯಾಡ್ರಿ. ಅದು ನಡೀತಿರಬೇಕು."

"ನಡಿಯೂದಕ್ಕ ಕುಂಕುಮ ಹೆಂಗ ಏರಸೂದು?"

"ಉರಿಯೋ ಸಮೆಕ್ಕ ಏರಸಂಗಿಲ್ಲೇನ್ರಿ?"

ಅವರು ಮೂಲೆಯಲ್ಲಿ ಉರಿಯುತ್ತಿದ್ದ ದೀಪದ ಸಮೆಯನ್ನೂ ನನ್ನನ್ನೂ ನೋಡಿದರು. "ಆತ್ ಬಿಡವಾ" ಅಂದರು. ಈ ಸಲ ಅದು ಒಪ್ಪಿಗೆ. ಮೊದಲ ಬಾರಿಗೆ ಗೆದ್ದಿದ್ದೆ. ಖುಷಿಪಡಲು ಮೈಯಲ್ಲಿ ಕಸುವಿರಲಿಲ್ಲ.

ಪರೀಕ್ಷೆ ಬಿಟ್ಟಾಗ ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಚಿಕ್ಕೇರೂರಿನವಳು ಬಂದು ಅಳುತ್ತಿದ್ದ ಕೂಸನ್ನು ಎತ್ತಿಕೊಂಡಳು.

"ಹೆಂಗಾತ್ರಿ?"

"ಎಲ್ಲಾಕೂ ಉತ್ತರಾ ಕೊಟ್ಟೇನ್ರಿ."

"ಪಾಸಾದ್ರ ಮತ್ತ ಎಲ್ಲಿಗೆ ಅಲಿಯೂದೈತೋ" ಅಂದಳು ಅತ್ತೆ, ಚೀಲ ಎತ್ತಿಕೊಳ್ಳುತ್ತ.

ಅವಳು ನನ್ನತ್ತ ತಿರುಗಿದಳು. "ಮುಂದಿನ ಪರೀಕ್ಷಾನೂ ಇಲ್ಲೇ ಇರ್ತೈತೇನ್ರಿ ಅಕ್ಕಾರ?"

"ಗೊತ್ತಿಲ್ರಿ" ಅಂದೆ. ಹಾನಗಲ್ ಬಸ್ಸಿನ ಹಾರ್ನು ಕೇಳಿಸಿತು. ಅತ್ತೆ ಮುಂದೆ, ಕೂಸನ್ನೆತ್ತಿಕೊಂಡು ಅವಳು ಹಿಂದೆ, ಇಬ್ಬರೂ ರಸ್ತೆಯತ್ತ ಓಡಿದರು. ನಾನು ಏಳದ ಸರ್ವರ್ ನೋಡಲು ಒಳಗೆ ಹೋದೆ.