ಮೂರು ಸುತ್ತಿನ ಸಾಮೆ

ಸಂತೆಮರಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಅಕ್ಕಿ ಗಿರಣಿ. ನನ್ನ ಗಿರಣಿಯ ಅಕ್ಕಿ ಮಲ್ಲಿಗೆ ಮೊಗ್ಗಿನ ಹಾಗಿರುತ್ತದೆ ಎಂದು ಜನ ಹೊಗಳುತ್ತಿದ್ದರು. ಆ ಹೊಗಳಿಕೆ ನನ್ನ ತಲೆಗೇರಿತ್ತು. ಹೆಂಡತಿಗೆ ಸಕ್ಕರೆ ಕಾಯಿಲೆ ಬಂದು, ಚಾಮರಾಜನಗರದ ಡಾಕ್ಟರು ಅನ್ನ ಬಿಟ್ಟು ಸಾಮೆ ತಿನ್ನಿ ಎಂದಾಗ ನಾನು ಮಾಡಿದ್ದು ನನ್ನ ಕಸುಬಿಗೆ ತಕ್ಕ ಕೆಲಸವನ್ನೇ.

ಉಡಿಗಾಲದ ರೈತರೊಬ್ಬರಿಂದ ಒಂದು ಮೂಟೆ ಸಾಮೆ ತಂದೆ. ಮೊದಲ ಸುತ್ತಿಗೆ ಹೊಟ್ಟು ಹಾರಿ ಕಂದು ಬಣ್ಣದ ಕಾಳು ಉಳಿಯಿತು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಊರಿಗೆಲ್ಲ ಬೆಳ್ಳನೆಯ ಅಕ್ಕಿ ಮಾಡಿಕೊಡುವವನ ಮನೆಯಾಕೆ ಮಾಸಲು ಕಾಳು ಬೇಯಿಸಿಕೊಂಡು ಉಣ್ಣುವುದೇ? ಇನ್ನೆರಡು ಸುತ್ತು ಪಾಲಿಶ್ ಹೊಡೆದೆ. ಉದುರಿದ ತೌಡನ್ನು ಹಸುವಿನ ಬಾನಿಗೆ ಸುರಿದೆ.

ಆರು ತಿಂಗಳು ಅವಳು ಅದನ್ನೇ ಉಂಡಳು. ಸಕ್ಕರೆ ಇಳಿಯಲಿಲ್ಲ, ಅಂಗಾಲಿನ ಉರಿಯೂ ತಗ್ಗಲಿಲ್ಲ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ.

"ಕದ್ದು ಏನ್ ತಿಂತಿದ್ದೀಯೆ? ದಿಟ ಯೋಳು," ಎಂದು ಗದರಿದೆ.

"ನಿಮ್ಮಾಣೆಗೂ ಏನೂ ತಿಂದಿಲ್ಲ."

ನಂಬಲಿಲ್ಲ. ಬೆಲ್ಲದ ಡಬ್ಬವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಗುಂಡ್ಲುಪೇಟೆಯಿಂದ ಅವಳ ತಂಗಿ ಬಂದಾಗ, ಇವಳ ಎದುರಿಗೇ, "ನಿಮ್ಮಕ್ಕಂಗೆ ನಾಲ್ಗೆ ಹಿಡಿತದಲ್ಲಿಲ್ಲ ಕಣಮ್ಮಿ," ಎಂದು ಆಡಿಕೊಂಡೆ. ಹೆಂಡತಿ ತಲೆ ಎತ್ತಲಿಲ್ಲ. ಮಾರನೆಯ ದಿನದಿಂದ ಒಪ್ಪೊತ್ತಿನ ಊಟ ಬಿಟ್ಟಳು. ತಲೆ ಸುತ್ತಿ ಬಿದ್ದಾಗ ಅದನ್ನೂ ನಾಟಕ ಎಂದೆ. ಎಂಥ ಪಾಪಿ ನಾನು!

ಕೊನೆಗೆ ಡಾಕ್ಟರು, ತಿನ್ನುವ ಸಾಮೆಯನ್ನೇ ತಂದು ತೋರಿಸಿ ಎಂದರು. ನಾವಿಬ್ಬರೂ ಒಯ್ದ ಪೊಟ್ಟಣ ಬಿಚ್ಚಿ, ಅಂಗೈಗೆ ಸುರಿದುಕೊಂಡು ನೋಡಿದರು.

"ನಾರು ಇರೋದೇ ಆ ತೌಡಲ್ಲಿ. ಅದನ್ನೆಲ್ಲ ತೆಗೆದ ಮೇಲೆ ಇದಕ್ಕೂ ಬಿಳಿ ಅಕ್ಕಿಗೂ ಏನು ವ್ಯತ್ಯಾಸ? ಯಾರು ಹೀಗೆ ಪಾಲಿಶ್ ಮಾಡಿದ್ದು?"

ನಾನು ಪೊಟ್ಟಣದ ಕಾಗದ ಮಡಿಸತೊಡಗಿದೆ.

"ಅಂಗ್ಡಿಲಿ ತಂದದ್ದು ಸಾ," ಎಂದಳು ಅವಳು.

ಹಿಂದಿರುಗುವಾಗ ಬಸ್ಸಿನಲ್ಲಿ, "ತೆಪ್ಪಾಯ್ತು ಕಣೆ, ಸಾಮೆ ಕೆಡಿಸಿದ್ದು ನಾನೇ," ಎಂದೆ.

"ಸಾಮೆ ಓಗ್ಲಿ ಬುಡಿ. ಒಂದ್ ಸರ್ತಿನಾದ್ರೂ ನನ್ ಮಾತ ನಂಬುದ್ರಾ ನೀವು?"

ಈಗ ಸಾಮೆಗೆ ಒಂದೇ ಸುತ್ತು. ಸಕ್ಕರೆ ಒಂದಿಷ್ಟು ಇಳಿದಿದೆ. ಆದರೆ ಉಣ್ಣಲು ಕೂರುವ ಮುಂಚೆ ಅವಳು ಪ್ರತಿಸಲವೂ ತನ್ನ ತಟ್ಟೆಯನ್ನು ನನ್ನ ಮುಂದೆ ಹಿಡಿದು ತೋರಿಸುತ್ತಾಳೆ. ಬೇಡವೆಂದು ಕೈ ಮುಗಿದು ಕೇಳಿಕೊಂಡರೂ ಬಿಟ್ಟಿಲ್ಲ.